ಹತ್ತು ನಿಮಿಷದ ಕರೆಂಟು

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ನನಗೆ ನಲವತ್ತು ದಾಟಿತ್ತು. ಎರಡು ಸಾವಿರದ ಇಸವಿಯ ಆಸುಪಾಸು. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಶಿವಮೊಗ್ಗದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳಚ್ಚು, ಶೀಘ್ರಲಿಪಿ ಎರಡನ್ನೂ ಕಲಿಸುತ್ತಿದ್ದೆ. ಕಲಿಯಲು ಬರುವವರು ಕಡಿಮೆಯಾಗುತ್ತ ಆಗುತ್ತ ಕೊನೆಗೆ ಮೂವರು ಉಳಿದರು. ಇನ್‌ಸ್ಟಿಟ್ಯೂಟು ಮುಚ್ಚಿತು. ಗುಜರಿಯವನು ಟೈಪ್‌ರೈಟರುಗಳನ್ನು ಕೈಗಾಡಿಗೆ ಹೇರಿಕೊಂಡು ಹೋದ ದಿನವೇ ನಾನು ನಿರ್ಧಾರ ಮಾಡಿಬಿಟ್ಟೆ. ದುರ್ಗಿಗುಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕನ್ನಡ ಟೈಪಿಂಗ್ ಮಾಡಿಕೊಡುವುದು. ಪ್ರಶ್ನೆಪತ್ರಿಕೆ, ಮದುವೆ ಕಾಗದದ ಕರಡು, ಸಂಘಗಳ ವಾರ್ಷಿಕ ವರದಿ, ಹೀಗೆ ಕೆಲಸ ಬರತೊಡಗಿತು.

ಮೊದಲ ದೊಡ್ಡ ಕೆಲಸ ತಂದವರು ಎಂಬತ್ತರ ಹತ್ತಿರದ ಒಬ್ಬ ಹಿರಿಯರು. ಪ್ರಾಯದಲ್ಲಿ ಅವರು ಮರದ ಕಂಟ್ರಾಕ್ಟರರೊಬ್ಬರ ಬಳಿ ಗುಮಾಸ್ತರಾಗಿದ್ದರು. ಕಾಡಿನಲ್ಲಿ ಮರ ಕಡಿಯುವ ಕೂಪಿನ ಪಕ್ಕ ಬಿಡಾರ ಹಾಕಿಕೊಂಡು, ದಿಮ್ಮಿ ಎಳೆಯುವ ಆನೆಗಳ ಜೊತೆ, ಮಾವುತರ ಜೊತೆ ಹತ್ತಾರು ವರ್ಷ ಕಳೆದವರು. ಆ ನೆನಪುಗಳನ್ನು ಪುಸ್ತಕ ಮಾಡಬೇಕೆಂದು ಅವರ ಆಸೆ. ಬರೆದ ನೋಟುಪುಸ್ತಕವೊಂದಿತ್ತು. ಆದರೆ ಕೈ ನಡುಗಿ ಬರೆದ ಆ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಬಂದು ನನ್ನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಬಾಯಲ್ಲೇ ಹೇಳುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ.

ಮೂರನೆಯ ದಿನ ಅವರು ಒಂದು ಹೆಣ್ಣಾನೆಯ ಕತೆ ಹೇಳಿದರು. ಮಳೆಗಾಲದಲ್ಲಿ ತುಂಬಿದ ತುಂಗೆಯನ್ನು ದಾಟುವಾಗ ಮಾವುತ ಆನೆಯ ಬೆನ್ನಿಂದ ಜಾರಿ ಬಿದ್ದ. ಆಚೆ ದಡ ಮುಟ್ಟಿದ ಆನೆ ತಿರುಗಿ ನೀರಿಗಿಳಿದು, ಸೊಂಡಿಲು ಚಾಚಿ ಅವನನ್ನು ಎಳೆದುಕೊಂಡಿತು. ಟೈಪ್ ಮಾಡುತ್ತ ನನ್ನ ಮೈ ಜುಮ್ಮೆಂದಿತು. ಪುಟ ಮುಗಿಯಲು ಎರಡು ಸಾಲು ಇದೆ ಎನ್ನುವಾಗ ಕರೆಂಟು ಹೋಯಿತು.

ಎರಡು ಪುಟ ಹೋಗಿತ್ತು. ನಡುನಡುವೆ ಸೇವ್ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನನ್ನ ಕನ್ನಡ ತಂತ್ರಾಂಶ ಒಂದು ಸಲ ಸೇವ್ ಮಾಡಲು ಅರ್ಧ ನಿಮಿಷ ಗುರುಗುಟ್ಟುತ್ತ ನಿಲ್ಲುತ್ತಿತ್ತು. ಅಷ್ಟರಲ್ಲಿ ಹಿರಿಯರಿಗೆ ಹೇಳುತ್ತಿದ್ದ ಎಳೆ ತಪ್ಪುತ್ತಿತ್ತು. ಅದಕ್ಕೇ ನಾನು ಕತೆ ಮುಗಿಯುವವರೆಗೂ ಕಾಯುತ್ತಿದ್ದೆ.

"ಪರವಾಗಿಲ್ಲಮ್ಮ, ನಾಳೆ ಮತ್ತೆ ಹೇಳ್ತೀನಿ" ಎಂದು ಹಿರಿಯರು ಕೊಡೆ ತೆಗೆದುಕೊಂಡು ಹೊರಟರು.

ಮರುದಿನ ಹೇಳಿದರು. ಆದರೆ ಈ ಸಲ ಆನೆ ತಿರುಗಿ ಬರಲಿಲ್ಲ. ದಡ ಹತ್ತಿ ಕಾಡಿನೊಳಗೆ ಹೊರಟೇಹೋಯಿತು. ಮಾವುತ ಒಂದು ಬಿದಿರ ಮೆಳೆಯನ್ನು ಹಿಡಿದುಕೊಂಡು ಹೇಗೋ ಉಳಿದುಕೊಂಡ. ನನ್ನ ಬೆರಳು ನಿಂತಿತು. ನಿನ್ನೆ ನಾನು ಕೇಳಿಸಿಕೊಂಡದ್ದು ತಪ್ಪೇ, ಇವರು ಹೇಳಿದ್ದು ತಪ್ಪೇ, ಇಲ್ಲ ಇದು ಬೇರೆಯೇ ಆನೆಯೇ? ಇಷ್ಟು ವಯಸ್ಸಾದವರನ್ನು ಕೇಳುವುದು ಹೇಗೆ ಎಂದು ಸುಮ್ಮನೆ ಟೈಪ್ ಮಾಡಿದೆ. ಅದೂ ಉಳಿಯಲಿಲ್ಲ. ಆ ವಾರ ಬೆಳಗಿನ ಹೊತ್ತೇ ಕರೆಂಟು ತೆಗೆಯುತ್ತಿದ್ದರು, ಅದೂ ಹೇಳಿದ ಸಮಯಕ್ಕಲ್ಲ.

"ಯುಪಿಎಸ್ ತಗೊಳ್ಳಿ" ಎಂದರು ಎಲ್ಲರೂ. ಅದನ್ನು ಹೇಳುವುದು ಸುಲಭವಿತ್ತು. ನಮ್ಮವರು ಹಳ್ಳಿ ಶಾಲೆಯ ಮೇಷ್ಟ್ರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನಾನೊಬ್ಬಳೇ ಅಂಗಡಿಗೆ ಹೋದೆ.

ಮೊದಲ ಅಂಗಡಿ ನಮ್ಮ ದುರ್ಗಿಗುಡಿಯಲ್ಲೇ ಇತ್ತು. ಅಂಗಡಿಯಾತ ಕೇಳಿದ: "ಎಷ್ಟು ವಿಎ ಬೇಕು ಮೇಡಂ?"

"ಎಷ್ಟು ಬೇಕಾಗತ್ತೆ?"

"ನಿಮ್ ಲೋಡ್ ಎಷ್ಟಿದೆ?"

ಲೋಡು ಎಂದರೆ ನನಗೆ ಗೊತ್ತಿದ್ದದ್ದು ಮರಳಿನ ಲೋಡು, ಇಟ್ಟಿಗೆಯ ಲೋಡು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಎಂದೆ. ಆತ ಇಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಕರೆಂಟು ಹೋದ್ಮೇಲೆ ಹತ್ತು ನಿಮಿಷ ಬರತ್ತೆ. ಇದು ಐನೂರು ವಿಎ. ಅಂದ್ರೆ ಮುನ್ನೂರು ವ್ಯಾಟ್ ಬರತ್ತೆ."

"ಐನೂರು ಅಂತ ಬರೆದಿದೆಯಲ್ಲ? ಉಳಿದ ಇನ್ನೂರು ಎಲ್ಲಿ ಹೋಯ್ತು?"

ಆತ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಅದು ಹಾಗೇ ಮೇಡಂ."

ಗಾಂಧಿ ಬಜಾರಿನಲ್ಲಿ ರೇಡಿಯೋ, ಮಿಕ್ಸಿ ಮಾರುವ ಅಂಗಡಿಯವರು ನಮಗೆ ಪರಿಚಯದವರು. ಅವರು ನಕ್ಕುಬಿಟ್ಟರು. "ಯುಪಿಎಸ್ ಯಾಕಕ್ಕ? ಸ್ಟೆಬಿಲೈಜರ್ ಹಾಕ್ಸಿ."

"ಕರೆಂಟು ಹೋದ್ರೆ?"

"ಹೋದ್ರೆ ಹೋಗ್ಲಿ ಬಿಡಿ. ಬರುವಾಗ ನೆಟ್ಟಗೆ ಬರ್ಬೇಕು, ಅದು ಮುಖ್ಯ."

ಮೂರನೆಯವನು ಆನ್‌ಲೈನ್ ಬೇಕೋ ಆಫ್‌ಲೈನ್ ಬೇಕೋ ಎಂದು ಕೇಳಿದ. ನಮ್ಮನೇಲಿ ಇಂಟರ್‌ನೆಟ್ ಇಲ್ಲ ಎಂದೆ. ಅಲ್ಲಿದ್ದ ಇಬ್ಬರು ಗಿರಾಕಿಗಳೂ ಅವನ ಜೊತೆ ಸೇರಿ ನಕ್ಕರು. ಅದು ಇಂಟರ್‌ನೆಟ್ಟಿನ ಮಾತಲ್ಲ, ಡಬ್ಬಿಯಲ್ಲೇ ಆ ಎರಡು ಜಾತಿ ಇದೆ ಎಂದು ಹೇಳಿ, ಆಮೇಲೆ ಅವೆರಡಕ್ಕೂ ಇರುವ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ಹೇಳಿದ್ದನ್ನು ನಾನು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದೆ. ಮನೆಗೆ ಬಂದು ಚೀಟಿ ಬಿಡಿಸಿದರೆ ಒಂದು ಗೀಟು ವೋಲ್ಟೋ ವ್ಯಾಟೋ ತಿಳಿಯಲಿಲ್ಲ. ಹದಿನಾಲ್ಕು ವರ್ಷ ಆ ಲಿಪಿ ಕಲಿಸಿದವಳು ನಾನು. ತಿಳಿಯದ ಮಾತನ್ನು ಬರೆದುಕೊಂಡರೆ ಓದಲೂ ಬರುವುದಿಲ್ಲ ಎಂದು ಆವತ್ತು ಗೊತ್ತಾಯಿತು.

"ಭದ್ರಾವತಿಗೆ ಹೋಗಿ ನಿನ್ನ ಭಾವನ್ನ ಕೇಳು. ಅವರಿಗಿಂತ ಗೊತ್ತಿರೋರು ಯಾರಿದಾರೆ?" ಎಂದರು ನಮ್ಮವರು.

ಭಾವ, ಅಂದರೆ ಅಕ್ಕನ ಗಂಡ, ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಇನ್ನೂ ನಾಲ್ಕು ವರ್ಷ ಸೇವೆ ಇರುವಾಗಲೇ ಸ್ವಯಂನಿವೃತ್ತಿ ತೆಗೆದುಕೊಂಡಿದ್ದರು. ನಾನು ಹೋದಾಗ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ನನ್ನ ಚೀಟಿಯ ಕಥೆಯನ್ನೆಲ್ಲ ಕೇಳಿ ಎದ್ದು ನಿಂತರು.

"ಹತ್ತು ನಿಮಿಷ ಬರತ್ತೆ ಅಂದ್ರಾ? ಹತ್ತು ನಿಮಿಷ ಇಟ್ಕೊಂಡು ಏನ್ ಮಾಡ್ತೀಯಾ ಮಾರಾಯ್ತಿ? ನಾನು ಮಾಡ್ಕೊಡ್ತೀನಿ ಒಂದು ಇನ್ವರ್ಟರ್. ಮೂರು ಗಂಟೆ ಅಲ್ಲಾಡಬಾರದು, ಹಾಗೆ."

"ಕಂಪ್ಯೂಟರಿಗೆ ಅದು ಆಗತ್ತಾ ಭಾವ?"

"ಕರೆಂಟಿಗೆ ಕಂಪ್ಯೂಟರ್ ಯಾವುದು, ಕಡೆಯೋ ಮಿಷನ್ ಯಾವುದು ಅಂತ ಗೊತ್ತಿರತ್ತಾ?" ಎಂದು ನಕ್ಕು, ಕಾರ್ಖಾನೆಯ ತಮಿಳು ಗೆಳೆಯರಿಂದ ಕಲಿತ ಮಾತು ಸೇರಿಸಿದರು, "ಪಾಕಲಾಂ! ನೋಡೋಣ!"

ನನಗೆ ಅನುಮಾನವೇ. ಆದರೆ ಅಡುಗೆಮನೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಬೇಡ ಅನ್ಬೇಡ ಕಣೇ. ಮನೆಗೆ ಬಂದಾಗಿಂದ ಆ ಜಗಲಿ ಬಿಟ್ಟು ಎದ್ದಿಲ್ಲ. ಯಾರ ಜೊತೇನೂ ಮಾತಿಲ್ಲ. ಈಗ ನೋಡು, ಟೂಲ್ ಬಾಕ್ಸ್ ಹುಡುಕ್ತಾ ಇದಾರೆ."

ಹಿತ್ತಲಿನಿಂದ ತಗಡಿನ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸುತ್ತಿತ್ತು. ನಾನು ಆಗಲಿ ಎಂದೆ.

ಮೂರು ವಾರದ ಮೇಲೆ ಭಾವ ಒಂದು ಲಗೇಜ್ ಆಟೋದಲ್ಲಿ ಬಂದರು. ಲಾರಿಗೆ ಹಾಕುವಂಥ ಬ್ಯಾಟರಿ, ಹಸಿರು ಬಣ್ಣ ಬಳಿದ ಕಬ್ಬಿಣದ ಪೆಟ್ಟಿಗೆ, ಎರಡನ್ನೂ ಇಡಲು ಅವರೇ ಮಾಡಿದ ಮರದ ಸ್ಟ್ಯಾಂಡು. ಇಡೀ ದಿನ ವೈರ್ ಎಳೆದು, ಕೈ ಒರೆಸಿಕೊಂಡು, "ಈಗ ಮೇನ್ ತೆಗಿ" ಎಂದರು. ತೆಗೆದೆ. ಬಲ್ಬು ಉರಿಯುತ್ತಲೇ ಇತ್ತು. ಫ್ಯಾನು ಸಣ್ಣಗೆ ಗುಂಯ್‌ಗುಟ್ಟುತ್ತ ತಿರುಗುತ್ತಲೇ ಇತ್ತು. ಅಕ್ಕಪಕ್ಕದವರು ಬಂದು ನೋಡಿಹೋದರು. ಭಾವ ಎರಡು ಲೋಟ ಕಾಫಿ ಕುಡಿದರು. ಕಂಪ್ಯೂಟರ್ ಆವತ್ತು ಹಾಕಿರಲಿಲ್ಲ. ಹಾಕಿ ನೋಡಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಹಿರಿಯರು ಹೇಳುತ್ತಿದ್ದಾಗ ಕರೆಂಟು ಹೋಯಿತು. ಬಲ್ಬು ಆರಲಿಲ್ಲ, ಫ್ಯಾನು ನಿಲ್ಲಲಿಲ್ಲ. ಕಂಪ್ಯೂಟರ್ ಮಾತ್ರ ಟಕ್ ಎಂದು ಕಪ್ಪಾಗಿ, ಮರುಕ್ಷಣವೇ ಮೊದಲಿಂದ ಶುರುವಾಯಿತು. ನಾನು ಕಕ್ಕಾಬಿಕ್ಕಿಯಾದೆ. ಅದಕ್ಕೂ ಕರೆಂಟಿದೆ, ಇಲ್ಲದಿದ್ದರೆ ಶುರುವಾಗುವುದು ಹೇಗೆ? ಕರೆಂಟಿದ್ದರೆ ಆರಿದ್ದು ಯಾಕೆ? ನನ್ನ ಕೈಯೇ ಏನಾದರೂ ಒತ್ತಿತೇ ಎಂದುಕೊಂಡೆ. ಮತ್ತೆರಡು ದಿನ ಹೀಗೇ ಆಯಿತು.

ಸಂಜೆ ಭಾವ ಫೋನ್ ಮಾಡುತ್ತಿದ್ದರು. "ಹೆಂಗಿದೆ ನಮ್ ಇನ್ವರ್ಟರ್?"

"ಚೆನ್ನಾಗಿದೆ ಭಾವ."

"ಕಂಪ್ಯೂಟರ್?"

"ಅದೂ ಚೆನ್ನಾಗಿದೆ."

ಸುಳ್ಳು ಹೇಳುವಾಗ ಅಕ್ಕನ ಕೈ ನೆನಪಾಗುತ್ತಿತ್ತು. ಹೊಸ ಯುಪಿಎಸ್ ತಂದಿಟ್ಟರೆ ಭಾವನಿಗೆ ಬೇಜಾರು, ತರದಿದ್ದರೆ ಪುಸ್ತಕ ಮುಗಿಯುವುದಿಲ್ಲ. ಹಿರಿಯರಿಗೋ ಪುಸ್ತಕ ನೋಡಿ ಕಣ್ಣು ಮುಚ್ಚಬೇಕೆಂಬ ಅವಸರ. ಒಂದು ತಿಂಗಳು ಹೀಗೆ ಏನೂ ಮಾಡದೆ ಕಳೆದೆ.

ಒಂದು ಬೆಳಿಗ್ಗೆ ಭಾವ ಹೇಳದೆಯೇ ಬಂದರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನು ಹಿಡಿದುಕೊಂಡು. ಹಿರಿಯರು ಕೂತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಭಾವ ಬ್ಯಾಟರಿಯ ಮುಚ್ಚಳ ತೆಗೆಯುವಷ್ಟರಲ್ಲೇ ಕರೆಂಟು ಹೋಯಿತು, ಕಂಪ್ಯೂಟರ್ ಆರಿ ಹೊತ್ತಿತು.

ಭಾವ ತಲೆಯೆತ್ತಿದರು. "ಏನಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ಹೇಳಿಬಿಟ್ಟರು: "ಇದು ದಿನಾ ಇರೋದೇ ಸ್ವಾಮಿ. ಈ ಹಸಿರು ಪೆಟ್ಟಿಗೆ ದೀಪಕ್ಕೆ ಆಗತ್ತೆ, ಇದಕ್ಕೆ ಆಗಲ್ಲ."

ಭಾವ ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ನೋಡಿದೆ. ಅವರು ಕರೆಂಟು ಬರುವವರೆಗೂ ಕಾದು, ತಾವೇ ಮೇನ್ ಸ್ವಿಚ್ ತೆಗೆದು ಹಾಕಿ ನೋಡಿದರು. ಐದಾರು ಸಲ. ಬಲ್ಬಿಗೇ ಕಣ್ಣು ನೆಟ್ಟರು, ಅದು ರೆಪ್ಪೆ ಬಡಿದಷ್ಟೂ ಮಿಣುಕಲಿಲ್ಲ. ಕಂಪ್ಯೂಟರ್ ಮಾತ್ರ ಪ್ರತಿ ಸಲವೂ ಸತ್ತು ಹುಟ್ಟಿತು. ಕೊನೆಗೆ ನೆಲದ ಮೇಲೆ ಕೂತುಬಿಟ್ಟರು.

"ನಂಗೆ ಗೊತ್ತಾಗ್ತಾ ಇಲ್ಲ ಮಾರಾಯ್ತಿ" ಎಂದರು.

ಮದುವೆಯಾಗಿ ಅಕ್ಕನನ್ನು ಕರೆದುಕೊಂಡು ಹೋದಂದಿನಿಂದ ನಾನು ಅವರನ್ನು ಕಂಡಿದ್ದೇನೆ. ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ಭಾವ, ನಾನು ಸುಳ್ಳು ಹೇಳಬಾರದಿತ್ತು" ಎಂದೆ.

"ಅದಿರ್ಲಿ. ನಡಿ, ಗೊತ್ತಿರೋರು ಯಾರಾದ್ರೂ ಇದ್ರೆ ಕೇಳೋಣ."

ಹಿರಿಯರನ್ನು ಮನೆಗೆ ಕಳಿಸಿ ಇಬ್ಬರೂ ಹೊರಟೆವು. ನಮ್ಮ ಹಿಂದಿನ ಬೀದಿಯಲ್ಲಿ ಯುಪಿಎಸ್, ಮಾನಿಟರ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಿತ್ತು. ನಡೆಸುತ್ತಿದ್ದವಳು ಡಿಪ್ಲೊಮಾ ಓದಿದ, ಮೂವತ್ತರ ಒಬ್ಬ ಹೆಂಗಸು. ಬಿಚ್ಚಿಟ್ಟ ಯುಪಿಎಸ್ಸಿನ ಮೇಲೆ ಬಗ್ಗಿ ಬೆಸುಗೆ ಹಾಕುತ್ತಿದ್ದಳು. ಭಾವ ನಡೆದದ್ದನ್ನೆಲ್ಲ ಹೇಳಿದರು, ಮುಚ್ಚುಮರೆ ಇಲ್ಲದೆ.

ಆಕೆ ಬೆಸುಗೆಯ ಕಡ್ಡಿ ಕೆಳಗಿಟ್ಟಳು. "ನಿಮ್ ಇನ್ವರ್ಟರ್ ಸರಿಯಾಗೇ ಇದೆ ಅಂಕಲ್. ಕರೆಂಟು ಹೋದಾಗ ಒಳಗಿನ ರಿಲೇ ಸ್ವಿಚ್ಚು ಲೈನಿನ ಕಡೆಯಿಂದ ಬ್ಯಾಟರಿ ಕಡೆಗೆ ಬೀಳ್ಬೇಕಲ್ವಾ? ಆ ಒಂದು ಚೂರು ಹೊತ್ತು ಯಾವ ಕಡೆಯಿಂದ್ಲೂ ಕರೆಂಟಿಲ್ಲ. ಬಲ್ಬಿನ ತಂತಿ ಕಾದಿರತ್ತೆ, ಫ್ಯಾನು ತಿರುಗೋ ವೇಗ ಇರತ್ತೆ, ಅದಕ್ಕೇ ನಮಗೆ ಗೊತ್ತಾಗಲ್ಲ. ಕಂಪ್ಯೂಟರ್ ಅಷ್ಟು ಹೊತ್ತು ಕಾಯಲ್ಲ. ಯುಪಿಎಸ್ ಅದಕ್ಕಿಂತ ಬೇಗ ಬದಲಾಯಿಸತ್ತೆ, ಅಷ್ಟೇ."

ಭಾವ ಹಣೆ ಒತ್ತಿಕೊಂಡರು. "ಮೂವತ್ತು ವರ್ಷ ರಿಲೇ ಜೊತೆ ಸಂಸಾರ ಮಾಡಿದೀನಿ. ಹೊಳೀಲೇ ಇಲ್ವಲ್ಲಮ್ಮ ನಂಗೆ!"

ಅಲ್ಲಿಂದ ಮುಂದೆ ನಾನು ಅಲ್ಲಿರುವುದೇ ಅವರಿಬ್ಬರಿಗೂ ಮರೆತುಹೋಯಿತು. ಭಾವ ಸ್ಟೂಲು ಎಳೆದುಕೊಂಡು ಕೂತು, ಆ ಬಿಚ್ಚಿದ ಡಬ್ಬಿಯ ಒಂದೊಂದು ಭಾಗಕ್ಕೂ ಬೆರಳಿಟ್ಟು ಕೇಳಿದರು. ಆಕೆ ಹೇಳಿದಳು. ವಿಎ ಎಂದರೇನು, ವ್ಯಾಟ್ ಯಾಕೆ ಕಡಿಮೆ ಎನ್ನುವುದನ್ನೂ ಆಕೆ ಕಾಗದದ ಮೇಲೆ ಬರೆದು ತೋರಿಸಿದಳು. ಭಾವ ಹೂಂಗುಟ್ಟಿದರು. ಅವರ ಜೊತೆ ನಾನೂ ಹೂಂಗುಟ್ಟಿದೆ, ಏನೂ ತಿಳಿಯದೆ. ನಮ್ಮ ಕಡೆ ಸಂಜೆ ವೋಲ್ಟೇಜ್ ಬಿದ್ದುಹೋಗುವುದರಿಂದ ಒಳಗೇ ಸ್ಟೆಬಿಲೈಜರ್ ಇರುವ ಆರುನೂರು ವಿಎ ಯುಪಿಎಸ್ಸೇ ಬೇಕು, ಇಲ್ಲದಿದ್ದರೆ ಅದು ಮತ್ತೆಮತ್ತೆ ಬ್ಯಾಟರಿಗೆ ಹೋಗಿ ಸುಸ್ತಾಗತ್ತೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಗಾಂಧಿ ಬಜಾರಿನವರು ಸ್ಟೆಬಿಲೈಜರ್ ಎಂದದ್ದು ಪೂರ್ತಿ ತಪ್ಪಲ್ಲ ಎಂದಾಯಿತು. ಹಾಗಾದರೆ ತಪ್ಪು ಹೇಳಿದವರು ಯಾರು ಎಂದು ನನಗೆ ಇನ್ನಷ್ಟು ಗೊಂದಲ.

ಮರುದಿನ ಭಾವನೇ ಅದನ್ನು ತಂದು ಜೋಡಿಸಿದರು. ಇನ್ವರ್ಟರು ದೀಪ, ಫ್ಯಾನಿಗೆ, ಯುಪಿಎಸ್ಸು ಕಂಪ್ಯೂಟರಿಗೆ. ಹಿರಿಯರು ಕುರ್ಚಿಯಲ್ಲಿ ಕೂತು ಆ ಹೆಣ್ಣಾನೆಯ ಕತೆಯನ್ನೇ ಮೂರನೆಯ ಸಲ ಶುರುಮಾಡಿದರು. ಈ ಸಲವೂ ಆನೆ ತಿರುಗಿ ಬರಲಿಲ್ಲ. ಅರ್ಧ ಪುಟ ಆಗಿತ್ತು. ಕರೆಂಟು ಹೋಯಿತು.

ಡಬ್ಬಿ ಪೀಂ ಪೀಂ ಎಂದು ಕೂಗಿಕೊಂಡಿತು. ಹಿರಿಯರು ಬೆಚ್ಚಿ ಎದ್ದರು. ಆದರೆ ಪರದೆಯ ಮೇಲೆ ಅಕ್ಷರಗಳು ಇದ್ದ ಹಾಗೇ ಇದ್ದವು.

"ನೋಡು, ನೋಡು!" ಎಂದರು ಭಾವ.

ನೋಡಿದೆವು. ಮೂವರೂ ಪರದೆಯ ಮುಂದೆ ತಲೆಗೆ ತಲೆ ತಾಗಿಸಿ ನಿಂತು ನೋಡಿದೆವು. ಭಾವ ವಾಚು ಬಿಚ್ಚಿ ಕೈಯಲ್ಲಿ ಹಿಡಿದು ನಿಮಿಷ ಹೇಳುತ್ತಿದ್ದರು. ಎಂಟಾಯಿತು, ಒಂಬತ್ತಾಯಿತು. ಹತ್ತಾದಾಗ ಹಿರಿಯರು ಚಪ್ಪಾಳೆ ತಟ್ಟಿದರು. ಹನ್ನೊಂದನೆಯ ನಿಮಿಷಕ್ಕೆ ಪೀಂ ಪೀಂ ಒಂದೇ ಸಮನಾಯಿತು, ಪರದೆ ಆರಿತು. ಆಗ ನನಗೆ ನೆನಪಾಯಿತು: ಸೇವ್ ಮಾಡಿರಲಿಲ್ಲ.

ಮೊದಲು ನಕ್ಕವರು ಭಾವ. ಜಗಲಿಯ ಮೇಲೆ ಕೂತಿದ್ದ ಆ ಮನುಷ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಹಿರಿಯರ ಮುಂದೆ ಕೈ ಮುಗಿದು, "ಸಾರ್, ಇನ್ನೊಂದು ಸಲ ಹೇಳ್ಬೇಕಾಗತ್ತೆ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲ್ನೇ ಸಲ ಆನೆ ತಿರುಗಿ ಬಂತು ಅಂದಿದ್ರಿ. ಆಮೇಲೆ ಬರಲಿಲ್ಲ ಅಂತಿದೀರಿ. ಯಾವುದು ಬರೀಲಿ?" ಎಂದೆ.

ಹಿರಿಯರು ಕುರ್ಚಿಗೆ ಒರಗಿದರು. ಆಮೇಲೆ ಹೇಳಿದರು: "ತಿರುಗಿ ಬಂತು ಅಂತ ನಾನು ಕಂಟ್ರಾಕ್ಟರ್ ಸಾಹುಕಾರ್ರಿಗೆ ಕಾಗದ ಬರ್ದಿದ್ದೆ ತಾಯಿ. ಮಾವುತನ್ನ ಬಿಟ್ಟು ಓಡಿಹೋದ ಆನೆ ಅಂದ್ರೆ ಅದನ್ನ ಮಾರಿಬಿಡ್ತಿದ್ರು. ಎಲ್ಲಿಗೋ, ಯಾರಿಗೋ. ಮಾವುತ ಬಂದು ನನ್ನ ಕಾಲು ಹಿಡ್ಕೊಂಡ. ಸಾಯೋ ಹಾಗೆ ಬಿಟ್ಟು ಹೋದ ಆನೆಗೋಸ್ಕರ ಅಳ್ತಾ ಇದ್ದ. ನಾಲ್ಕು ದಿನ ಆದ್ಮೇಲೆ ತಾನಾಗೇ ಬಿಡಾರಕ್ಕೆ ಬಂತು ಅದು. ಆಮೇಲೆ ಎಲ್ಲರ ಹತ್ರಾನೂ ಆ ಕಾಗದದ ಕತೇನೇ ಹೇಳಿ ಹೇಳಿ ನಂಗೂ ಅದೇ ಬಾಯಿಗೆ ಬರತ್ತೆ."

"ಹಾಗಾದ್ರೆ ಯಾವುದು ಬರೀಲಿ?"

"ಈಗ ಆ ಸಾಹುಕಾರ್ರೂ ಇಲ್ಲ, ಮಾವುತನೂ ಇಲ್ಲ, ಆನೆಯೂ ಇಲ್ಲ. ನಡೆದದ್ದೇ ಬರಿ. ಕಾಗದ ಬರೆದದ್ದನ್ನೂ ಬರಿ."

ಕರೆಂಟು ಬಂದ ಮೇಲೆ ಬರೆದೆವು. ಪ್ರತಿ ಐದು ಸಾಲಿಗೆ ಭಾವ ಹಿಂದಿನಿಂದ "ಸೇವ್" ಎನ್ನುತ್ತಿದ್ದರು. ಪುಸ್ತಕ ಮುಗಿಯಲು ಇನ್ನೂ ಮೂರು ತಿಂಗಳು ಹಿಡಿಯಿತು. ಡಬ್ಬಿ ಕೂಗಿದಾಗಲೆಲ್ಲ ಹಿರಿಯರು ಗಾಬರಿಯಿಂದ ಕತೆಯನ್ನು ಅವಸರವಾಗಿ ಮುಗಿಸುತ್ತಿದ್ದರು. ಆ ಕತೆಗಳು ಪುಸ್ತಕದಲ್ಲಿಯೂ ಹಾಗೇ, ದಿಢೀರನೆ ಮುಗಿದುಬಿಡುತ್ತವೆ. ಅಚ್ಚಾದ ಪ್ರತಿಯನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲಿಳಿದದ್ದನ್ನು ನಾನು ನೋಡಿದೆ.

ಭಾವ ಆ ರಿಪೇರಿ ಅಂಗಡಿಗೆ ಮತ್ತೊಮ್ಮೆ ಹೋದರು, ಏನೋ ಕೇಳುವುದಿದೆ ಎಂದು. ಮಗದೊಮ್ಮೆ ಹೋದರು. ಆಮೇಲೆ ಆಕೆಯೇ, "ವಾರಕ್ಕೆ ಮೂರು ದಿನ ಬನ್ನಿ ಅಂಕಲ್, ನಂಗೂ ಒಬ್ಬರು ಬೇಕು" ಎಂದಳಂತೆ. ಬೆಳಗಿನ ಬಸ್ಸಿಗೆ ಭದ್ರಾವತಿಯಿಂದ ಬಂದು, ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಊಟಕ್ಕೆ ಕೂತಾಗ ಆವತ್ತು ಕಲಿತದ್ದನ್ನೆಲ್ಲ ನನಗೆ ವಿವರಿಸುತ್ತಿದ್ದರು. ಅನ್ನಕ್ಕೆ ಸಾರು ಬಡಿಸುತ್ತ ನಾನು ಹೌದಾ ಭಾವ, ಹೌದಾ ಭಾವ ಎನ್ನುತ್ತಿದ್ದೆ. ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ಅಕ್ಕ ಫೋನಿನಲ್ಲಿ, ಬ್ಯಾಟರಿಯ ಆಸಿಡ್ಡು ತಾಗಿ ಇದ್ದಬದ್ದ ಅಂಗಿಗೆಲ್ಲ ತೂತು ಬಿದ್ದಿದೆ, ಒಗೆಯಲು ಹಿಡಿದರೆ ಕೈಗೆ ಬರತ್ತೆ ಎಂದು ದೂರು ಹೇಳುತ್ತಿದ್ದಳು. ಮಾತಿನ ನಡುವೆ, "ತಡಿ, ಬಸ್ಸು ಬಂತು ಅನ್ಸತ್ತೆ, ಕಾಫಿಗಿಡ್ತೀನಿ" ಎಂದು ಫೋನ್ ಇಟ್ಟುಬಿಡುತ್ತಿದ್ದಳು.